ಇದನ್ನು ಹಿಡಿದಿರುವುದು ಯಾವುದು? ಎಂಜಿನಿಯರಿಂಗ್ ಮೊದಲ ವರ್ಷ ಮರೆಯುತ್ತಿರುವ ಪ್ರಶ್ನೆ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಅದಕ್ಕೆ ಮೂರು ದಿನ ಮೊದಲು ಕಾರವಾರದ ಬಳಿ ಕಾಳಿ ನದಿಯ ಹಳೆಯ ಸೇತುವೆ ನಡುರಾತ್ರಿ ಕುಸಿದು ಲಾರಿಯೊಂದು ನದಿಗೆ ಬಿದ್ದಿತ್ತು. 2023ರ ಜನವರಿ 10ರಂದು ಬೆಂಗಳೂರಿನ ನಾಗವಾರದಲ್ಲಿ ಮೆಟ್ರೊ ಕಂಬಕ್ಕೆಂದು ನಿಲ್ಲಿಸಿದ್ದ ಕಬ್ಬಿಣದ ಕಂಬಿಗಳ ಪಂಜರ ರಸ್ತೆಗೆ ಉರುಳಿ, ಬೈಕಿನಲ್ಲಿ ಹೋಗುತ್ತಿದ್ದ ತಾಯಿ ಮತ್ತು ಪುಟ್ಟ ಮಗ ಪ್ರಾಣ ಕಳೆದುಕೊಂಡರು. 2025ರ ಜುಲೈ 9ರಂದು ಗುಜರಾತಿನ ಗಂಭೀರಾ ಸೇತುವೆ ಮುರಿದು ವಾಹನಗಳು ನದಿಗೆ ಬಿದ್ದವು.

ಇಂಥ ಸುದ್ದಿ ಬಂದಾಗಲೆಲ್ಲ ನಾವು ಕೇಳುವುದು ‘ಇದಕ್ಕೆ ಯಾರು ಹೊಣೆ?’ ಎಂದು. ಅದು ಕೇಳಲೇಬೇಕಾದ ಪ್ರಶ್ನೆ. ಆದರೆ ಎಂಜಿನಿಯರಿಂಗ್ ಓದುವವರು, ಓದಿ ಕೆಲಸ ಹುಡುಕುತ್ತಿರುವವರು ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇನ್ನೊಂದಿದೆ. ಬಿದ್ದ ವಸ್ತುವನ್ನು ಅಲ್ಲಿಯವರೆಗೆ ಹಿಡಿದಿದ್ದದ್ದು ಯಾವುದು? ಆ ಆಧಾರದ ಮೇಲೆ ಎಷ್ಟು ಭಾರ ಬೀಳುತ್ತಿತ್ತು? ಅದು ಹೋದರೆ ಬೇರೆ ಆಧಾರ ಇತ್ತೆ?

ಈ ಪ್ರಶ್ನೆಗಳಿಗೆ ಉತ್ತರ ಹೇಳುವ ಶಾಸ್ತ್ರಕ್ಕೆ ಸ್ಟ್ಯಾಟಿಕ್ಸ್ ಎಂದು ಹೆಸರು. ಕನ್ನಡದಲ್ಲಿ ಸ್ಥಿತಿಶಾಸ್ತ್ರ ಎನ್ನುತ್ತಾರೆ. ಮೆಕ್ಯಾನಿಕಲ್ ಮತ್ತು ಸಿವಿಲ್ ಎಂಜಿನಿಯರಿಂಗ್‌ನ ಮುಂದಿನ ಪಾಠಗಳೆಲ್ಲ ಇದರ ಮೇಲೆಯೇ ನಿಂತಿವೆ. ಅಪಘಾತಗಳಿಗೆಲ್ಲ ಈ ಶಾಸ್ತ್ರದ ಅಜ್ಞಾನವೇ ಕಾರಣ ಎಂದು ನಾನು ಹೇಳುತ್ತಿಲ್ಲ. ತುಕ್ಕು, ನಿರ್ವಹಣೆಯ ಕೊರತೆ, ಹಣದ ಲೋಭ, ತಪಾಸಣೆಯ ಕಾಟಾಚಾರ ಎಲ್ಲವೂ ಸೇರಿ ಅಪಘಾತ ಆಗುತ್ತದೆ. ಆದರೆ ತಪಾಸಣೆಗೆ ಹೋದ ಯುವ ಎಂಜಿನಿಯರ್‌ಗೆ ಎಲ್ಲಿ ನೋಡಬೇಕು ಎಂಬುದು ಗೊತ್ತಾಗುವುದು ಈ ಪಾಠದಿಂದ. ಆ ಪಾಠವನ್ನು ನಾವು ಇಂದು ಹೇಗೆ ಕಲಿಯುತ್ತಿದ್ದೇವೆ ಎಂಬುದು ಈ ಲೇಖನದ ವಿಷಯ.

ಮೂರು ಸೊನ್ನೆಗಳ ಶಾಸ್ತ್ರ

ಸ್ಟ್ಯಾಟಿಕ್ಸ್ ಎಂದರೆ ಅಲುಗಾಡದೆ ನಿಂತಿರುವ ವಸ್ತುಗಳ ಲೆಕ್ಕ. ಒಂದು ವಸ್ತು ನಿಂತಲ್ಲೇ ನಿಂತಿದೆ ಎಂದರೆ ಮೂರು ಮಾತು ನಿಜವಾಗಿರಬೇಕು. ಅದನ್ನು ಎಡಕ್ಕೆ ತಳ್ಳುವ ಬಲ ಮತ್ತು ಬಲಕ್ಕೆ ತಳ್ಳುವ ಬಲ ಸರಿಸಮವಾಗಿರಬೇಕು. ಕೆಳಕ್ಕೆ ಎಳೆಯುವ ಬಲ ಮತ್ತು ಮೇಲಕ್ಕೆ ಹಿಡಿದಿರುವ ಬಲ ಸರಿಸಮವಾಗಿರಬೇಕು. ಒಂದು ದಿಕ್ಕಿಗೆ ಉರುಳಿಸುವ ಪ್ರಯತ್ನ ಮತ್ತು ಅದಕ್ಕೆ ಎದುರಾದ ಪ್ರಯತ್ನ ಸರಿಸಮವಾಗಿರಬೇಕು. ಮೂರರಲ್ಲೂ ಕೂಡಿ ಕಳೆದರೆ ಸೊನ್ನೆ ಬರಬೇಕು.

ಮೂರನೆಯದನ್ನು ಮೊಮೆಂಟ್ ಎನ್ನುತ್ತಾರೆ. ಹಾರೆಕೋಲಿನಿಂದ ಕಲ್ಲು ಮೀಟಿದವರಿಗೆ ಇದು ಹೊಸದಲ್ಲ. ಕೋಲಿನ ತುದಿ ಹಿಡಿದರೆ ಕಲ್ಲು ಸಲೀಸಾಗಿ ಏಳುತ್ತದೆ, ನಡುವೆ ಹಿಡಿದರೆ ಏಳುವುದಿಲ್ಲ. ಬಲವನ್ನು ದೂರದಿಂದ ಗುಣಿಸಿದರೆ ಬರುವುದೇ ಮೊಮೆಂಟ್.

ಈ ಲೆಕ್ಕಕ್ಕೆ ಕೂರುವ ಮುನ್ನ ಮಾಡಬೇಕಾದ ಕೆಲಸ ಒಂದಿದೆ. ಯಾವ ವಸ್ತುವಿನ ಲೆಕ್ಕ ಬೇಕೋ ಅದನ್ನು ಸುತ್ತಲಿನ ಎಲ್ಲದರಿಂದ ಬಿಡಿಸಿ, ಅದೊಂದನ್ನೇ ಹಾಳೆಯ ಮೇಲೆ ಬರೆಯಬೇಕು. ಅದನ್ನು ಮುಟ್ಟಿಕೊಂಡಿದ್ದ ಪ್ರತಿ ಹಗ್ಗ, ಗೋಡೆ, ನೆಲ, ಮೊಳೆಯ ಜಾಗದಲ್ಲಿ ಅದು ಕೊಡುತ್ತಿದ್ದ ಬಲವನ್ನು ಬಾಣದ ಗುರುತಿನಿಂದ ತೋರಿಸಬೇಕು. ಇದೇ ಫ್ರೀ ಬಾಡಿ ಡಯಾಗ್ರಾಂ. ಸ್ಟ್ಯಾಟಿಕ್ಸ್‌ನ ಜೀವ ಇರುವುದು ಈ ಚಿತ್ರದಲ್ಲಿ. ಚಿತ್ರ ಸರಿ ಬಂದರೆ ಉಳಿದದ್ದು ಹತ್ತನೇ ತರಗತಿಯ ಕೂಡು–ಕಳೆ, ಸೈನ್–ಕೊಸೈನ್. ಚಿತ್ರದಲ್ಲಿ ಒಂದು ಬಾಣ ಬಿಟ್ಟುಹೋದರೆ, ಮುಂದೆ ಎಷ್ಟು ಪುಟ ಲೆಕ್ಕ ಮಾಡಿದರೂ ಉತ್ತರ ತಪ್ಪು.

ಗೇಟಿನ ಮೇಲೆ ಎಷ್ಟು ನೀರು ನೂಕುತ್ತದೆ?

ತುಂಗಭದ್ರೆಯ ಗೇಟನ್ನೇ ತೆಗೆದುಕೊಳ್ಳೋಣ. ಅಲ್ಲಿರುವ 33 ಗೇಟುಗಳಲ್ಲಿ ಒಂದೊಂದೂ 60 ಅಡಿ ಅಗಲ, 20 ಅಡಿ ಎತ್ತರ. ಮೀಟರ್‌ನಲ್ಲಿ ಹೇಳಿದರೆ ಸುಮಾರು 18.3 ಮತ್ತು 6.1. ಅಂದರೆ 111 ಚದರ ಮೀಟರ್‌ಗಿಂತ ತುಸು ಹೆಚ್ಚಿನ ತಗಡು. ಅದರ ಪೂರ್ತಿ ಎತ್ತರಕ್ಕೆ ನೀರು ನಿಂತಾಗ ಮೇಲ್ತುದಿಯಲ್ಲಿ ಒತ್ತಡ ಸೊನ್ನೆ, ಬುಡದಲ್ಲಿ ಅತಿ ಹೆಚ್ಚು. ಸರಾಸರಿ ಆಳ 3.05 ಮೀಟರ್. ಒಂದು ಘನ ಮೀಟರ್ ನೀರಿನ ತೂಕ ಒಂದು ಟನ್. ಗುಣಿಸಿದರೆ ಸುಮಾರು 340 ಟನ್ ಬರುತ್ತದೆ. ಒಂದು ಗೇಟನ್ನು ನೀರು ಅಡ್ಡಲಾಗಿ ನೂಕುವ ಬಲ ಇಷ್ಟು. ಇದು ಗೇಟಿನ ನಡುಮಧ್ಯದಲ್ಲಿ ನೂಕುವುದಿಲ್ಲ. ಬುಡದಲ್ಲಿ ಒತ್ತಡ ಹೆಚ್ಚಿರುವುದರಿಂದ ಬುಡದಿಂದ ಮೂರನೇ ಒಂದು ಭಾಗದ ಎತ್ತರದಲ್ಲಿ, ಅಂದರೆ ಎರಡು ಮೀಟರ್ ಮೇಲೆ ನೂಕುತ್ತದೆ.

ಈಗ ಗೇಟಿನ ಬಿಡಿ ಚಿತ್ರ ಬರೆಯಿರಿ. ನೀರಿನ ನೂಕು ಒಂದು ಬಾಣ. ಅದನ್ನು ಎದುರಿಸುವುದು ಎರಡೂ ಬದಿಯ ಕಂಬಗಳಲ್ಲಿರುವ ಕಾಲುವೆಯಂಥ ತೋಡುಗಳು. ಗೇಟಿನ ತೂಕ ಕೆಳಕ್ಕೆ. ಎತ್ತುವಾಗ ತೋಡುಗಳಲ್ಲಿ ಆಗುವ ಘರ್ಷಣೆಯೂ ಕೆಳಕ್ಕೇ. ಇವೆರಡನ್ನೂ ಮೇಲಕ್ಕೆ ಹಿಡಿಯುವುದು ಚೈನ್ ಮಾತ್ರ. ಹೀಗೆ ಬರೆದ ಕೂಡಲೇ ಎರಡು ಸಂಗತಿ ಕಣ್ಣಿಗೆ ಬೀಳುತ್ತವೆ. ನೀರಿನ ನೂಕು ಚೈನ್‌ನ ಮೇಲೆ ನೇರವಾಗಿ ಬೀಳುವುದಿಲ್ಲ, ಘರ್ಷಣೆಯ ಮೂಲಕ ಬೀಳುತ್ತದೆ. ತೋಡು ಕೆಟ್ಟು ಘರ್ಷಣೆ ಹೆಚ್ಚಾದರೆ ಚೈನ್‌ಗೆ ಭಾರ ಹೆಚ್ಚುತ್ತದೆ. ಇನ್ನೊಂದು, ಚೈನ್‌ನ ಪ್ರತಿ ಕೊಂಡಿಯೂ ಅಷ್ಟೂ ಭಾರವನ್ನು ಹೊರುತ್ತದೆ. ನೂರು ಕೊಂಡಿ ಗಟ್ಟಿಯಿದ್ದು ಒಂದು ಸವೆದಿದ್ದರೂ ಮುಗಿಯಿತು.

ಆಗ ನೀರು ಪೋಲಾಗುವುದನ್ನು ತಡೆಯಲು ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಸ್ಟಾಪ್‌ಲಾಗ್ ತಂತ್ರ ಬಳಸಿದ್ದು ನೆನಪಿರಬಹುದು. ಒಂದೇ ದೊಡ್ಡ ಗೇಟಿನ ಬದಲು ತುಂಡುಗಳನ್ನು ಹರಿಯುವ ನೀರಿನಲ್ಲೇ ಒಂದರ ಮೇಲೊಂದು ಇಳಿಸಿ ವಾರದೊಳಗೆ ಬಾಯಿ ಮುಚ್ಚಲಾಯಿತು. ತುಂಡು ಮಾಡಿದ್ದೇಕೆ? ಪ್ರತಿ ತುಂಡು ಚಿಕ್ಕದಾದಷ್ಟೂ ಅದರ ಮೇಲಿನ ನೂಕು ಕಡಿಮೆ, ಘರ್ಷಣೆ ಕಡಿಮೆ, ಕ್ರೇನ್‌ಗೆ ಹೊರೆಯೂ ಕಡಿಮೆ. ನಾಡೆಲ್ಲ ಕೊಂಡಾಡಿದ ಆ ಸಾಹಸದ ಹಿಂದೆ ಮೊದಲ ವರ್ಷದ ಪಾಠವೂ ಇದೆ.

ನಮ್ಮ ಜಿಲ್ಲೆಯ ಕನ್ನಂಬಾಡಿಯೂ ಇದೇ ಶಾಸ್ತ್ರದ ಮೇಲೆ ನಿಂತಿದೆ. 1911ರಲ್ಲಿ ಕೆಲಸ ಆರಂಭವಾದ, ಸುರ್ಕಿ ಗಾರೆಯಲ್ಲಿ ಕಲ್ಲು ಕಟ್ಟಿದ ಆ ಅಣೆಕಟ್ಟು ನೀರನ್ನು ತಡೆದಿರುವುದು ತನ್ನ ತೂಕದಿಂದಲೇ. ಗರಿಷ್ಠ ಮಟ್ಟ 124.80 ಅಡಿ, ಅಂದರೆ 38 ಮೀಟರ್. ಅಷ್ಟು ಆಳದ ನೀರು ಗೋಡೆಯ ಪ್ರತಿ ಒಂದು ಮೀಟರ್ ಉದ್ದವನ್ನು ಸುಮಾರು 720 ಟನ್ ಬಲದಿಂದ ನೂಕುತ್ತದೆ. ನೀರಿನ ಆಳ ಎರಡರಷ್ಟಾದರೆ ನೂಕು ನಾಲ್ಕರಷ್ಟಾಗುತ್ತದೆ, ಗೋಡೆಯನ್ನು ಉರುಳಿಸುವ ಮೊಮೆಂಟ್ ಎಂಟರಷ್ಟಾಗುತ್ತದೆ. ಅದಕ್ಕೇ ಅಣೆಕಟ್ಟಿನ ಬುಡ ಅಷ್ಟು ಅಗಲ. ಕೆಆರ್‌ಎಸ್‌ಗೆ ಪ್ರವಾಸ ಹೋಗಿ ಫೋಟೊ ತೆಗೆದುಕೊಂಡ ನಮ್ಮ ಎಷ್ಟು ವಿದ್ಯಾರ್ಥಿಗಳು ಈ ಲೆಕ್ಕ ಮಾಡಿ ನೋಡಿದ್ದಾರೆ?

ಆತಗೂರಿನ ದಾರಿಯಲ್ಲಿ ಕಬ್ಬಿನ ಟ್ರೇಲರ್

ಅಣೆಕಟ್ಟು ದೊಡ್ಡ ಮಾತಾಯಿತು. ಮದ್ದೂರು ತಾಲ್ಲೂಕಿನ ನಮ್ಮ ಆತಗೂರು ಹೋಬಳಿಯಲ್ಲಿ ಕಬ್ಬು ಕಟಾವಿನ ಕಾಲಕ್ಕೆ ಯಾವ ರಸ್ತೆಯಲ್ಲಿ ನಿಂತರೂ ಇದೇ ಪಾಠ ಕಣ್ಣೆದುರು ಸಾಗುತ್ತದೆ. ಕೆ.ಎಂ. ದೊಡ್ಡಿ, ಕೊಪ್ಪದ ಕಾರ್ಖಾನೆಗಳಿಗೆ ಕಬ್ಬು ಹೊತ್ತ ಟ್ರ್ಯಾಕ್ಟರ್‌ಗಳು ಒಂದರ ಹಿಂದೊಂದು ಹೋಗುತ್ತವೆ. ಟ್ರೇಲರ್ ಮಗುಚಿತಂತೆ ಎಂಬ ಮಾತು ನಮ್ಮ ಕಡೆಯವರಿಗೆ ಹೊಸದಲ್ಲ. ಚಾಲಕನನ್ನು ಬೈಯುತ್ತೇವೆ, ರಸ್ತೆಯನ್ನು ಬೈಯುತ್ತೇವೆ, ಅಲ್ಲಿಗೆ ಮುಗಿಯುತ್ತದೆ.

ಲೆಕ್ಕ ಮಾಡಿ ನೋಡೋಣ. ಟ್ರೇಲರ್‌ನ ಎರಡು ಬದಿಯ ಚಕ್ರಗಳ ನಡುವಿನ ಅಂತರ 1.8 ಮೀಟರ್ ಎಂದಿಟ್ಟುಕೊಳ್ಳಿ. ಭಾರವೆಲ್ಲ ಒಂದೇ ಬಿಂದುವಿನಲ್ಲಿ ಇದೆ ಎಂದು ಎಣಿಸಬಹುದಾದ ಜಾಗಕ್ಕೆ ಗುರುತ್ವ ಕೇಂದ್ರ ಎನ್ನುತ್ತಾರೆ. ಹದವಾಗಿ ತುಂಬಿದಾಗ ಅದು ನೆಲದಿಂದ ಒಂದು ಮೀಟರ್ ಎತ್ತರದಲ್ಲಿದೆ ಎನ್ನೋಣ. ಆ ಬಿಂದುವಿನಿಂದ ನೇರ ಕೆಳಗೆ ಇಳಿಬಿಟ್ಟ ಗೆರೆ ಎರಡು ಚಕ್ರಗಳ ನಡುವೆ ಇರುವವರೆಗೆ ಟ್ರೇಲರ್ ನಿಂತಿರುತ್ತದೆ, ಒಂದು ಚಕ್ರದ ಆಚೆ ಹೋದ ಕ್ಷಣ ಮಗುಚುತ್ತದೆ. ಹೀಗೆ ತುಂಬಿದ ಟ್ರೇಲರ್ ಮಗುಚಬೇಕಾದರೆ ಸುಮಾರು 42 ಡಿಗ್ರಿ ವಾಲಬೇಕು. ಅಷ್ಟು ವಾಲುವ ರಸ್ತೆ ಎಲ್ಲೂ ಇಲ್ಲ. ಈಗ ಬಾಡಿಗೆ ಉಳಿಸಲು ಕಬ್ಬನ್ನು ಗೋಪುರದಂತೆ ಏರಿಸಿ, ಗುರುತ್ವ ಕೇಂದ್ರ 2.2 ಮೀಟರ್‌ಗೆ ಹೋಯಿತೆನ್ನಿ. ಆಗ 22 ಡಿಗ್ರಿ ವಾಲಿದರೆ ಸಾಕು. ಎದುರಿನ ಬಸ್ಸಿಗೆ ದಾರಿ ಬಿಡಲು ಹೋಗಿ ಒಂದು ಬದಿಯ ಚಕ್ರ ರಸ್ತೆಯ ಅಂಚಿನಿಂದ 40 ಸೆಂಟಿಮೀಟರ್ ಕೆಳಗಿಳಿದರೆ ಅಲ್ಲೇ 13 ಡಿಗ್ರಿ ಹೋಯಿತು. ಉಳಿದದ್ದು ಒಂಬತ್ತು. ಅದರ ಮೇಲೆ ತಿರುವು, ಗುಂಡಿ, ಹೊರೆ ಒಂದೇ ಪಕ್ಕಕ್ಕೆ ಜರುಗುವುದು. ಚಾಲಕ ಎಷ್ಟೇ ಜಾಣನಾದರೂ ಅವನ ಕೈಯಲ್ಲಿ ಉಳಿದಿರುವುದು ಅಷ್ಟೇ.

ಇಲ್ಲಿ ಹಿಡಿದ ಅಂಕಿಗಳು ಲೆಕ್ಕ ಅರ್ಥವಾಗಲಿ ಎಂದು ಹಿಡಿದವು. ಓದುಗರು ತಮ್ಮೂರಿನ ಟ್ರೇಲರ್‌ಗೆ ಟೇಪು ಹಿಡಿದು ನಿಜವಾದ ಅಂಕಿ ಹಾಕಿಕೊಳ್ಳಬಹುದು. ಹಾಗೆ ಅಳೆದವರು ಸ್ಟ್ಯಾಟಿಕ್ಸ್ ಮರೆಯುವುದಿಲ್ಲ.

ನಮ್ಮ ಹಿರಿಯರು ಈ ಶಾಸ್ತ್ರವನ್ನು ಹೆಸರಿಲ್ಲದೆ ಬಲ್ಲವರು. ಎತ್ತಿನ ಗಾಡಿಗೆ ಹೇರುವಾಗ ‘ಮುಂಭಾರ ಆಯ್ತು, ಹಿಂದಕ್ಕೆ ಹಾಕು’ ಎನ್ನುತ್ತಾರೆ. ಮುಂಭಾರವಾದರೆ ಎತ್ತಿನ ಹೆಗಲು ನೋಯುತ್ತದೆ, ಹಿಂಭಾರವಾದರೆ ಮೂಕಿ ಮೇಲೇಳುತ್ತದೆ. ಇದು ಅಚ್ಚಿನ ಸುತ್ತ ಮೊಮೆಂಟ್ ತೆಗೆಯುವ ಲೆಕ್ಕವೇ. ಸಾವಿರ ಕಿಲೊ ಹೊರೆಯ ಗುರುತ್ವ ಕೇಂದ್ರ ಅಚ್ಚಿನಿಂದ 30 ಸೆಂಟಿಮೀಟರ್ ಮುಂದಿದ್ದು, ನೊಗ ಅಚ್ಚಿನಿಂದ ಮೂರು ಮೀಟರ್ ಮುಂದಿದ್ದರೆ, ಹೊರೆಯಿಂದ ನೊಗದ ಮೇಲೆ ಬೀಳುವ ಭಾರ 100 ಕಿಲೊ. ಹೊರೆಯನ್ನು 20 ಸೆಂಟಿಮೀಟರ್ ಹಿಂದಕ್ಕೆ ಸರಿಸಿದರೆ ಅದು 33 ಕಿಲೊಗೆ ಇಳಿಯುತ್ತದೆ. ಅಜ್ಜನಿಗೆ ಕೈಯಂದಾಜಿನಲ್ಲಿ ಗೊತ್ತಿದ್ದದ್ದನ್ನು ಮೊಮ್ಮಗ ಅಂಕಿಯಲ್ಲಿ ಹೇಳಬೇಕು. ಅವನು ಎಂಜಿನಿಯರಿಂಗ್ ಸೇರಿರುವುದು ಅದಕ್ಕೇ ಅಲ್ಲವೆ?

ಒಂದು ತಂತಿ, ಒಂದು ನಟ್ಟು

ಆಧಾರ ಯಾವುದು ಎಂದು ಕೇಳದಿದ್ದರೆ ಬೆಲೆ ಎಷ್ಟು ಎಂಬುದಕ್ಕೆ ನಾಗವಾರದ ಘಟನೆಗೆ ಮರಳೋಣ. ಐಐಎಸ್‌ಸಿ ತಜ್ಞರೂ ಅದನ್ನು ಪರಿಶೀಲಿಸಿದರು. ಪಂಜರಕ್ಕೆ ಸಾಕಷ್ಟು ಆಧಾರ ಇರಲಿಲ್ಲ ಎಂದು ಆಗ ವರದಿಯಾಯಿತು. ಕಾಂಕ್ರೀಟ್ ತುಂಬುವ ಮೊದಲು ಇಂಥ ಪಂಜರ ತಾನಾಗಿ ನಿಲ್ಲುವುದಿಲ್ಲ. ಅದನ್ನು ಸುತ್ತಲೂ ತಂತಿಗಳಿಂದ ಎಳೆದು ಕಟ್ಟಿರಬೇಕು.

ಲೆಕ್ಕಕ್ಕೆಂದು ಹತ್ತು ಟನ್ ತೂಕದ, 12 ಮೀಟರ್ ಎತ್ತರದ ಒಂದು ಪಂಜರವನ್ನು ಊಹಿಸಿಕೊಳ್ಳಿ. ನೆಟ್ಟಗೆ ನಿಂತಿರುವಾಗ ಅದನ್ನು ಉರುಳಿಸುವ ಮೊಮೆಂಟ್ ಸೊನ್ನೆ. ನೋಡಿದವರಿಗೆ ‘ಗಟ್ಟಿಯಾಗಿದೆ’ ಅನ್ನಿಸುತ್ತದೆ. ಗುರುತ್ವ ಕೇಂದ್ರ 30 ಸೆಂಟಿಮೀಟರ್ ಪಕ್ಕಕ್ಕೆ ಸರಿಯುವಷ್ಟು ವಾಲಿದರೆ ಮೂರು ಟನ್–ಮೀಟರ್ ಮೊಮೆಂಟ್ ಹುಟ್ಟುತ್ತದೆ. ಒಂಬತ್ತು ಮೀಟರ್ ಎತ್ತರದಲ್ಲಿ 45 ಡಿಗ್ರಿ ಓರೆಯಾಗಿ ಕಟ್ಟಿದ ಒಂದೇ ತಂತಿ ಅದನ್ನು ಹಿಡಿಯಬೇಕಾದರೆ ಅದರ ಎಳೆತ ಅರ್ಧ ಟನ್‌ಗೂ ಕಡಿಮೆ. ಗುರುತ್ವ ಕೇಂದ್ರ ಒಂದೂವರೆ ಮೀಟರ್ ಸರಿಯುವವರೆಗೆ ಬಿಟ್ಟರೆ ಅದೇ ತಂತಿ ಸರಿಸುಮಾರು ಎರಡೂವರೆ ಟನ್ ಹಿಡಿಯಬೇಕು. ಬುಡದಲ್ಲಿ ಕಂಬಿಗಳ ಹಿಡಿತವನ್ನು ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ. ಆದರೂ ತಿರುಳು ಇಷ್ಟು: ಸಕಾಲದಲ್ಲಿ ಕಟ್ಟಿದ ತಂತಿ ಅಗ್ಗ, ತಡವಾದರೆ ಯಾವ ತಂತಿಯೂ ಸಾಲದು. ಸೈಟಿನಲ್ಲಿ ಓಡಾಡುವ ಜೂನಿಯರ್ ಎಂಜಿನಿಯರ್ ಒಬ್ಬರಿಗೆ ಈ ತಿಳಿವಳಿಕೆ ಇದ್ದು, ‘ಈ ತಂತಿ ಬಿಚ್ಚುವ ಮೊದಲು ಇದನ್ನು ಬೇರೆ ಯಾವುದು ಹಿಡಿಯುತ್ತದೆ?’ ಎಂದು ಕೇಳುವ ಧೈರ್ಯ ಇದ್ದರೆ ಜೀವ ಉಳಿಯುತ್ತದೆ.

ಜಗತ್ತಿನ ಎಂಜಿನಿಯರಿಂಗ್ ತರಗತಿಗಳಲ್ಲಿ ಇಂದಿಗೂ ಹೇಳುವ ಇನ್ನೊಂದು ಪಾಠವಿದೆ. 1981ರ ಜುಲೈ 17ರಂದು ಅಮೆರಿಕದ ಕಾನ್ಸಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲಿನಲ್ಲಿ ತೂಗುಹಾಕಿದ್ದ ಎರಡು ನಡೆದಾರಿಗಳು ಕುಸಿದು 114 ಮಂದಿ ಸತ್ತರು. ಮೂಲ ವಿನ್ಯಾಸದಲ್ಲಿ ಚಾವಣಿಯಿಂದ ಇಳಿದ ಉದ್ದನೆಯ ಒಂದೇ ಕಬ್ಬಿಣದ ಸರಳು ನಾಲ್ಕನೇ ಮತ್ತು ಎರಡನೇ ಮಹಡಿಯ ಎರಡೂ ದಾರಿಗಳನ್ನು ಹೊರುತ್ತಿತ್ತು. ಕಟ್ಟುವಾಗ ಅನುಕೂಲಕ್ಕೆಂದು ಸರಳನ್ನು ಎರಡು ಮಾಡಿದರು. ಮೇಲಿನ ದಾರಿ ಚಾವಣಿಗೆ ತೂಗಿತು, ಕೆಳಗಿನ ದಾರಿ ಮೇಲಿನ ದಾರಿಗೆ ತೂಗಿತು.

ನೋಡಲು ಎರಡೂ ಒಂದೇ. ಒಂದೇ ಹಗ್ಗಕ್ಕೆ ಇಬ್ಬರು ಜೋತುಬಿದ್ದಿದ್ದಾರೆ ಎಂದುಕೊಳ್ಳಿ. ಇಬ್ಬರೂ ಹಗ್ಗವನ್ನೇ ಹಿಡಿದಿದ್ದರೆ ಒಬ್ಬೊಬ್ಬರ ಕೈಗೆ ಅವರವರ ಭಾರ ಮಾತ್ರ. ಕೆಳಗಿನವನು ಹಗ್ಗ ಬಿಟ್ಟು ಮೇಲಿನವನ ಕಾಲು ಹಿಡಿದರೆ? ಹಗ್ಗದ ಭಾರ ಬದಲಾಗುವುದಿಲ್ಲ, ಮೇಲಿನವನ ಕೈಯ ಭಾರ ಎರಡರಷ್ಟಾಗುತ್ತದೆ. ಹೋಟೆಲಿನಲ್ಲಿ ಆ ಕೈಯ ಜಾಗದಲ್ಲಿದ್ದದ್ದು ಮೇಲಿನ ದಾರಿಯ ತೊಲೆಯಡಿಯ ನಟ್ಟು. ಮೂಲ ವಿನ್ಯಾಸವೇ ನಿಯಮಕ್ಕೆ ತಕ್ಕಷ್ಟು ಗಟ್ಟಿಯಿರಲಿಲ್ಲ, ಬದಲಾವಣೆ ಅದರ ಮೇಲೆ ಹೊರೆಯನ್ನು ದುಪ್ಪಟ್ಟು ಮಾಡಿತು. ಆ ತೊಲೆಯೊಂದರ ಬಿಡಿ ಚಿತ್ರ ಬರೆದು ನೋಡಿದ್ದರೆ ಹತ್ತು ನಿಮಿಷದಲ್ಲಿ ಇದು ಗೊತ್ತಾಗುತ್ತಿತ್ತು.

ತರಗತಿಯಲ್ಲಿ ಏನಾಗುತ್ತಿದೆ?

ಇಷ್ಟು ಮುಖ್ಯವಾದ ಪಾಠ ನಮ್ಮ ಕಾಲೇಜುಗಳಲ್ಲಿ ಯಾವ ಸ್ಥಿತಿಯಲ್ಲಿದೆ? ಕೆಲವು ವರ್ಷಗಳ ಹಿಂದಿನವರೆಗೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಮೊದಲ ವರ್ಷದಲ್ಲಿ ಸಿವಿಲ್ ಎಂಜಿನಿಯರಿಂಗ್ ಮತ್ತು ಮೆಕ್ಯಾನಿಕ್ಸ್‌ನ ಒಂದು ಪತ್ರಿಕೆ ಎಲ್ಲ ಶಾಖೆಯವರಿಗೂ ಇತ್ತು. 2022ರ ಸ್ಕೀಮ್‌ನಿಂದ ಮೊದಲ ವರ್ಷವನ್ನೇ ಶಾಖೆಗಳ ಗುಂಪಿಗೆ ತಕ್ಕಂತೆ ಬೇರೆಬೇರೆ ಮಾಡಲಾಯಿತು. ಕಂಪ್ಯೂಟರ್ ಓದುವವರಿಗೆ ಕಂಬಿ–ತೊಲೆಯ ಲೆಕ್ಕ ಏಕೆ ಎಂಬ ವಾದದಲ್ಲಿ ಅರ್ಥವಿಲ್ಲದಿಲ್ಲ. ಆದರೆ ಇದರ ಜತೆಗೇ ಇನ್ನೊಂದು ಬದಲಾವಣೆ ಬಂತು. ಒಂದು ಶಾಖೆಗೆ ಇಷ್ಟೇ ಸೀಟು ಎಂಬ ಮಿತಿಯನ್ನು 2024–25ರಿಂದ ಎಐಸಿಟಿಇ ಷರತ್ತಿನೊಂದಿಗೆ ತೆಗೆಯಿತು. ಬೇಡಿಕೆ ಇರುವ ಕಂಪ್ಯೂಟರ್ ಶಾಖೆಗಳತ್ತ ಕಾಲೇಜುಗಳು ಓಡಿದವು. ಮೆಕ್ಯಾನಿಕಲ್, ಸಿವಿಲ್ ಸೀಟುಗಳು ಖಾಲಿ ಉಳಿಯುವುದು ಪ್ರತಿ ವರ್ಷದ ಸಿಇಟಿ ಸುದ್ದಿಯಾಗಿದೆ. ಈ ಶಾಖೆಗಳಿಗೆ ಬರುವ ಹಲವರು ‘ಬೇರೆ ಸಿಗಲಿಲ್ಲ’ ಎಂಬ ಬೇಸರದಲ್ಲೇ ಬರುತ್ತಾರೆ. ಮೊದಲ ವರ್ಷದಲ್ಲಿ ಅವರ ಬೇಸರ ಕಳೆಯುವ ಪಾಠವೇ ನೀರಸವಾದರೆ ಉಳಿದ ಮೂರು ವರ್ಷ ಕಳೆದುಹೋದಂತೆ.

ಡಿಪ್ಲೊಮಾ ಮುಗಿಸಿ ಡಿಸಿಇಟಿ ಮೂಲಕ ನೇರವಾಗಿ ಮೂರನೇ ಸೆಮಿಸ್ಟರ್‌ಗೆ ಬರುವವರ ಕಥೆ ಬೇರೆ. ಹಳ್ಳಿಗಳಿಂದ ಬರುವ ನಮ್ಮಂಥ ಬಹಳ ಮಂದಿಗೆ ಇದೇ ದಾರಿ. ಮೊದಲ ವರ್ಷದ ತರಗತಿಯನ್ನು ಇವರು ನೋಡುವುದೇ ಇಲ್ಲ. ಗಣಿತದಲ್ಲಿ ಹಿಂದೆ ಬೀಳದಿರಲಿ ಎಂದು ಅವರಿಗೆ ಹೆಚ್ಚುವರಿ ಗಣಿತ ಇಟ್ಟಿದ್ದು ಒಳ್ಳೆಯದೇ. ಮೆಕ್ಯಾನಿಕ್ಸ್‌ಗೆ ಮಾತ್ರ ಡಿಪ್ಲೊಮಾದಲ್ಲಿ ಕಲಿತದ್ದೇ ಬಂಡವಾಳ. ಮೂರನೇ ಸೆಮಿಸ್ಟರ್‌ನಲ್ಲಿ ತೊಲೆಯ ಬಾಗು, ಒಳಗಿನ ಒತ್ತಡಗಳ ಪಾಠ ಶುರುವಾದಾಗ ಆ ಬಂಡವಾಳ ಸಾಲದೆ ಒದ್ದಾಡುವವರನ್ನು ನೋಡಿದ್ದೇನೆ.

ಓದುವ ರೀತಿಯಲ್ಲಿಯೂ ತೊಡಕಿದೆ. ಪರೀಕ್ಷೆಗೆ ವಾರವಿರುವಾಗ ಹಳೆಯ ಪ್ರಶ್ನೆಪತ್ರಿಕೆ ತೆಗೆದು, ‘ಏಣಿಯ ಲೆಕ್ಕ ಬಂದೇ ಬರುತ್ತೆ, ಲಾಮಿ ಪ್ರಮೇಯ ಬಂದೇ ಬರುತ್ತೆ’ ಎಂದು ಬಾಯಿಪಾಠ ಮಾಡುವುದು ಎಲ್ಲರಿಗೂ ಗೊತ್ತಿರುವ ಉಪಾಯ. ಅಂಕ ಬರುತ್ತದೆ. ಆದರೆ ಏಣಿಯನ್ನು ಎಡಗಡೆಯ ಗೋಡೆಯ ಬದಲು ಬಲಗಡೆಯ ಗೋಡೆಗೆ ಒರಗಿಸಿ ಕೊಟ್ಟರೆ ಘರ್ಷಣೆಯ ಬಾಣ ಯಾವ ಕಡೆಗೆ ಎಂದು ಕೈ ನಡುಗುತ್ತದೆ. ಏಣಿ ಜಾರುವುದು ಯಾವ ಕಡೆಗೋ ಅದರ ವಿರುದ್ಧ ಎಂಬುದು ತೆಂಗಿನ ಮರಕ್ಕೆ ಏಣಿ ಹಾಕಿದ ಯಾರಿಗಾದರೂ ಗೊತ್ತು. ಗೊತ್ತಿರುವುದಕ್ಕೂ ಹಾಳೆಯ ಮೇಲೆ ಬರೆಯುವುದಕ್ಕೂ ನಡುವಿನ ಸೇತುವೆಯೇ ಇಲ್ಲ.

ಆ ಸೇತುವೆ ಭಾಷೆಯದ್ದೂ ಹೌದು. ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ಓದಿದವರು ಮೊಮೆಂಟ್, ಕಪಲ್, ರಿಯಾಕ್ಷನ್, ಈಕ್ವಿಲಿಬ್ರಿಯಂ ಎಂಬ ಮಾತುಗಳನ್ನು ಒಂದೇ ವಾರದಲ್ಲಿ ಎದುರಿಸುತ್ತಾರೆ. 2021ರಲ್ಲಿ ಎಐಸಿಟಿಇ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಎಂಜಿನಿಯರಿಂಗ್ ಕಲಿಸಲು ಅನುಮತಿ ಕೊಟ್ಟಿತು, ಪುಸ್ತಕಗಳ ಅನುವಾದವೂ ಆಯಿತು. ಸೇರಿದವರು ಮಾತ್ರ ತೀರಾ ಕಡಿಮೆ. ಕನ್ನಡದಲ್ಲಿ ಓದಿದರೆ ಕೆಲಸ ಕೊಡುವವರು ಯಾರು ಎಂಬ ಭಯವನ್ನು ಸುಮ್ಮನೆ ತಳ್ಳಿಹಾಕಲಾಗದು. ಹಾಗಾದರೆ ಆಯ್ಕೆ ಇರುವುದು ಪೂರ್ತಿ ಕನ್ನಡ ಇಲ್ಲವೇ ಪೂರ್ತಿ ಇಂಗ್ಲಿಷ್ ಎಂದು ಏಕೆ ತಿಳಿಯಬೇಕು? ವಿಟಿಯು ಮೊದಲ ವರ್ಷದಲ್ಲಿ ಕನ್ನಡ ಒಂದು ಪತ್ರಿಕೆಯಾಗಿ ಇದೆ. ಬಲವನ್ನು ವಿವರಿಸುವ ಮಾತಾಗಿ ಕನ್ನಡ ತರಗತಿಯೊಳಕ್ಕೆ ಬಂದಿಲ್ಲ. ಪಾರಿಭಾಷಿಕ ಪದ ಇಂಗ್ಲಿಷಿನಲ್ಲೇ ಇರಲಿ, ಪರೀಕ್ಷೆಯನ್ನೂ ಇಂಗ್ಲಿಷಿನಲ್ಲೇ ಬರೆಯೋಣ. ‘ಹಾರೆಕೋಲಿನ ತುದಿ ಹಿಡಿ’ ಎಂಬ ಒಂದು ಮಾತನ್ನು ಕನ್ನಡದಲ್ಲಿ ಹೇಳಿದರೆ ಮೊಮೆಂಟ್ ಅರ್ಧ ಗಂಟೆಯಲ್ಲಿ ತಲೆಗೆ ಹೋಗುತ್ತದೆ. ಹಾಗೆ ಹೇಳುವ ಮೇಷ್ಟ್ರುಗಳು ಈಗಲೂ ಇದ್ದಾರೆ, ಅವರ ತರಗತಿ ತುಂಬಿರುತ್ತದೆ.

ಕೆಲಸದ ಮಾತು

‘ಇದೆಲ್ಲ ಸರಿ, ಕೆಲಸ ಸಿಗುತ್ತಾ?’ ಎಂಬ ಪ್ರಶ್ನೆಗೆ ಬರೋಣ. ಮೆಕ್ಯಾನಿಕಲ್‌ನ ಗೇಟ್ ಪರೀಕ್ಷೆಯಲ್ಲಿ 100 ಅಂಕಗಳಲ್ಲಿ 15 ಸಾಮಾನ್ಯ ಸಾಮರ್ಥ್ಯಕ್ಕೆ, 13 ಗಣಿತಕ್ಕೆ, ಉಳಿದ 72 ವಿಷಯಕ್ಕೆ. ಆ ವಿಷಯಗಳ ಪಟ್ಟಿಯಲ್ಲಿ ಎಂಜಿನಿಯರಿಂಗ್ ಮೆಕ್ಯಾನಿಕ್ಸ್ ನೇರವಾಗಿದೆ. ಮೆಟೀರಿಯಲ್ಸ್, ಯಂತ್ರ ವಿನ್ಯಾಸ, ಕಂಪನಗಳ ಪ್ರಶ್ನೆಗಳಲ್ಲಿಯೂ ಮೊದಲ ಹೆಜ್ಜೆ ಬಿಡಿ ಚಿತ್ರವೇ. ಎಸ್‌ಎಸ್‌ಸಿ ಮತ್ತು ರೈಲ್ವೆಯ ಜೂನಿಯರ್ ಎಂಜಿನಿಯರ್ ಪರೀಕ್ಷೆಗಳಿಗೂ ಇದು ಬೇಕು.

ಖಾಸಗಿ ಕಂಪನಿಗಳಲ್ಲಿ ಈಗ ವಿನ್ಯಾಸದ ಲೆಕ್ಕವನ್ನು ಆನ್ಸಿಸ್‌ನಂಥ ಸಾಫ್ಟ್‌ವೇರ್ ಮಾಡುತ್ತದೆ, ನಾವೇಕೆ ಕೈಯಲ್ಲಿ ಮಾಡಬೇಕು ಎಂದು ಕೇಳುವವರಿದ್ದಾರೆ. ಚಾಟ್‌ಜಿಪಿಟಿ ಬಂದ ಮೇಲೆ ಈ ಪ್ರಶ್ನೆ ಜೋರಾಗಿದೆ. ಆದರೆ ಸಾಫ್ಟ್‌ವೇರ್ ಮೊದಲು ಕೇಳುವುದು ಏನನ್ನು? ಈ ಭಾಗವನ್ನು ಎಲ್ಲಿ ಹಿಡಿದಿದೆ, ಎಲ್ಲಿ ಬಲ ಬೀಳುತ್ತದೆ ಎಂಬುದನ್ನು. ಅದನ್ನು ತಪ್ಪಾಗಿ ಕೊಟ್ಟರೂ ಅದು ಕೆಂಪು, ಹಸಿರು, ನೀಲಿ ಬಣ್ಣಗಳ ಚೆಂದದ ಚಿತ್ರ ಕೊಡುತ್ತದೆ. ಉತ್ತರ ಹತ್ತರಷ್ಟು ಹೆಚ್ಚು ಬಂದಿದೆ ಎಂದು ಗುರುತಿಸಬೇಕಾದದ್ದು ಮನುಷ್ಯ. ಮೇಲೆ ತುಂಗಭದ್ರೆಯ ಗೇಟಿಗೆ ಮಾಡಿದಂತೆ ಎರಡು ಸಾಲಿನ ಕೈಲೆಕ್ಕ ಮಾಡಿ ‘340 ಟನ್ ಆಸುಪಾಸು ಬರಬೇಕು, ನಿನ್ನ ಕಂಪ್ಯೂಟರ್ 34 ಎನ್ನುತ್ತಿದೆ’ ಎಂದು ಹೇಳಬಲ್ಲವರಿಗೆ ಬೇಡಿಕೆ ಕಡಿಮೆಯಾಗಿಲ್ಲ. ಸಂದರ್ಶನದಲ್ಲಿ ಬಿಳಿ ಹಲಗೆಯ ಮುಂದೆ ನಿಲ್ಲಿಸಿ ‘ಈ ತೊಲೆಯ ಫ್ರೀ ಬಾಡಿ ಡಯಾಗ್ರಾಂ ಬರೆಯಿರಿ’ ಎಂದು ಕೇಳುವುದು ಇದಕ್ಕೇ. ಅಲ್ಲಿ ಒಳ್ಳೆಯ ಇಂಗ್ಲಿಷ್‌ಗಿಂತ ಮೊದಲು ಸರಿಯಾದ ಬಾಣ ಮಾತನಾಡುತ್ತದೆ. ಹಳ್ಳಿಯಿಂದ ಹೋದವರಿಗೆ ಇದು ಸಣ್ಣ ಧೈರ್ಯವಲ್ಲ.

ಏನು ಮಾಡಬಹುದು?

ಪಠ್ಯಕ್ರಮ ಬದಲಾಗುವವರೆಗೆ ಕಾಯಬೇಕಿಲ್ಲ. ಒಂದು ನೋಟ್‌ಬುಕ್ ಇಟ್ಟುಕೊಂಡು ದಿನಕ್ಕೊಂದು ವಸ್ತುವಿನ ಬಿಡಿ ಚಿತ್ರ ಬರೆಯಿರಿ. ಅಂಗಡಿಯ ಮುಂದಿನ ಬೋರ್ಡು, ಗೋಡೆಗೆ ಒರಗಿಸಿದ ಏಣಿ, ಸೈಡ್ ಸ್ಟ್ಯಾಂಡ್ ಹಾಕಿದ ಬೈಕು, ಬಸ್ಸಿನಲ್ಲಿ ನಿಂತ ನೀವು. ಮೊದಲ ತಿಂಗಳು ಲೆಕ್ಕ ಬೇಡ, ಬಾಣಗಳು ಮಾತ್ರ ಸಾಕು. ಪ್ರತಿ ಬಾಣಕ್ಕೂ ‘ಇದನ್ನು ಕೊಡುತ್ತಿರುವುದು ಯಾರು?’ ಎಂದು ಕೇಳಿ. ಕೊಡುವವರು ಇಲ್ಲದ ಬಾಣ ಸುಳ್ಳು ಬಾಣ. ಎರಡನೇ ತಿಂಗಳಿಂದ ಅಳತೆ ಹಾಕಿ ಮೂರು ಸೊನ್ನೆಗಳ ಲೆಕ್ಕ ಮಾಡಿ. ಉತ್ತರ ಬಂದ ಮೇಲೆ ಅದು ಲೋಕದಲ್ಲಿ ನಡೆಯುವ ಮಾತೇ ಎಂದು ನೋಡಿ. ಬೈಕಿನ ಸ್ಟ್ಯಾಂಡಿನ ಮೇಲೆ ಐದು ಟನ್ ಬಂದರೆ ಎಲ್ಲೋ ಸೊನ್ನೆ ಜಾಸ್ತಿಯಾಗಿದೆ.

ಪುಸ್ತಕಕ್ಕೆ ಕೊರತೆಯಿಲ್ಲ. ನಮ್ಮ ರಾಜ್ಯದವರೇ ಆದ ಎಸ್.ಎಸ್. ಭಾವಿಕಟ್ಟಿಯವರ ಪುಸ್ತಕ ಬಹುತೇಕ ಕಾಲೇಜು ಗ್ರಂಥಾಲಯಗಳಲ್ಲಿ ಸಿಗುತ್ತದೆ. ಎನ್‌ಪಿಟಿಇಎಲ್‌ನಲ್ಲಿ ಐಐಟಿ ಪ್ರಾಧ್ಯಾಪಕರ ಪಾಠಗಳು ಉಚಿತವಾಗಿವೆ. ವಿಡಿಯೊ ನೋಡುವುದೇ ಓದು ಎಂದುಕೊಳ್ಳದೆ, ಪ್ರಶ್ನೆ ಬಂದ ಕೂಡಲೇ ನಿಲ್ಲಿಸಿ ಚಿತ್ರ ಬರೆದು ಆಮೇಲೆ ಮುಂದೆ ನೋಡಬೇಕು.

ಕಾಲೇಜುಗಳಿಗೆ ಎರಡು ಕೋರಿಕೆ. ಡಿಪ್ಲೊಮಾದಿಂದ ಬರುವವರಿಗೆ ಮೂರನೇ ಸೆಮಿಸ್ಟರ್‌ನ ಮೊದಲ ಹದಿನೈದು ದಿನ ಬಿಡಿ ಚಿತ್ರ ಬರೆಯುವುದನ್ನಷ್ಟೇ ಕಲಿಸಿ. ಮೊದಲ ವರ್ಷದವರನ್ನು ಒಂದು ದಿನ ಆಲೆಮನೆಗೋ ಕಬ್ಬಿನ ಗದ್ದೆಗೋ ನಾಲೆಯ ತೂಬಿಗೋ ಕರೆದುಕೊಂಡು ಹೋಗಿ ಟೇಪು, ನೋಟ್‌ಬುಕ್ ಕೊಟ್ಟು ಲೆಕ್ಕ ಮಾಡಿಸಿ. 1962ರಿಂದ ಎಂಜಿನಿಯರಿಂಗ್ ಕಾಲೇಜು ಇರುವ ಮಂಡ್ಯದಂಥ ಜಿಲ್ಲೆಯಲ್ಲಿ ಇದಕ್ಕೆ ಬೇರೆ ಪ್ರಯೋಗಾಲಯ ಕಟ್ಟಿಸಬೇಕಿಲ್ಲ.

ಮುಂದಿನ ಹತ್ತು ವರ್ಷಗಳಲ್ಲಿ ಈ ರಾಜ್ಯದ ಮೆಟ್ರೊ ಕಂಬಗಳನ್ನು ನಿಲ್ಲಿಸುವವರು, ಹಳೆಯ ಗೇಟುಗಳನ್ನು ಬದಲಿಸುವವರು, ಸೇತುವೆಗಳ ತಪಾಸಣೆಯ ವರದಿಗೆ ಸಹಿ ಹಾಕುವವರು ಇಂದು ಮೊದಲ ವರ್ಷದಲ್ಲಿ ಕುಳಿತಿರುವ ನಮ್ಮ ಗೆಳೆಯರು. ಅವರಲ್ಲಿ ಎಷ್ಟು ಮಂದಿ ಪಾಸಾದರು ಎಂಬುದು ಫಲಿತಾಂಶದ ದಿನ ಗೊತ್ತಾಗುತ್ತದೆ. ಎಷ್ಟು ಮಂದಿ ಕಲಿತರು ಎಂಬುದು, ತಂತಿ ಬಿಚ್ಚಲು ಹೊರಟವರನ್ನು ತಡೆದು ‘ಇದನ್ನು ಹಿಡಿದಿರುವುದು ಯಾವುದು?’ ಎಂದು ಕೇಳುವ ದಿನ ಗೊತ್ತಾಗುತ್ತದೆ.